ಖಾಲಿ ಎಂದುಕೊಂಡ ಬಂದೂಕು

ದೊಡ್ಡಪ್ಪ ತೀರಿಕೊಂಡ ಮೇಲೆ ಅವರ ಜೋಡಿ ನಳಿಗೆಯ 12 ಬೋರ್ ಕೋವಿ ನನ್ನ ಹೆಸರಿಗೆ ಬಂದಾಗ ನನಗೆ ನಲವತ್ತಾರು ವರ್ಷ. ಅಲ್ಲಿಯವರೆಗೆ ನಾನು ಯಾವ ಬಂದೂಕನ್ನೂ ಕೈಯಲ್ಲಿ ಹಿಡಿದವಳಲ್ಲ. ಪರವಾನಗಿಯ ಕಾಗದಪತ್ರಗಳಿಗಾಗಿ ತಿಂಗಳುಗಟ್ಟಲೆ ಓಡಾಡಿದ್ದೆ. ಆದರೆ ಆ ಪರವಾನಗಿ ನನಗೆ ಕೋವಿಯನ್ನು ಇಟ್ಟುಕೊಳ್ಳುವ ಹಕ್ಕನ್ನು ಕೊಟ್ಟಿತ್ತೇ ಹೊರತು, ಅದರೊಳಗೆ ತೋಟಾ ಇದೆಯೋ ಇಲ್ಲವೋ ಎಂದು ತೆರೆದು ನೋಡುವುದಕ್ಕೂ ನನಗೆ ಬರುತ್ತಿರಲಿಲ್ಲ. ಮನೆಗೆ ತಂದ ದಿನ ಅದನ್ನು ಚೀಲದಿಂದ ಹೊರಗೆ ತೆಗೆಯಲು ಧೈರ್ಯ ಸಾಲದೆ, ಚೀಲದ ಸಮೇತ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಈಗ ಯೋಚಿಸಿದರೆ, ಆ ಭಯವೇ ನಾನು ಮಾಡಿದ ಮೊದಲ ಸರಿಯಾದ ಕೆಲಸ ಎನಿಸುತ್ತದೆ. ಆ ವಾರವೇ ಹೊಸದಾಗಿ ಬಂದೂಕು ಪಡೆದವರಿಗೆ ಶೂಟಿಂಗ್ ರೇಂಜ್ ಒಂದರಲ್ಲಿ ನಡೆಯುತ್ತಿದ್ದ ಆರು ಭಾನುವಾರಗಳ ತರಬೇತಿಗೆ ಹೆಸರು ಬರೆಸಿದೆ.

ನಮಗೆ ಕಲಿಸಿದವರು ನಿವೃತ್ತ ಸೈನಿಕರು. ಮಾತು ಕಡಿಮೆ, ಕಣ್ಣು ಚುರುಕು. ಮೊದಲ ದಿನ ಒಂದೂ ಈಡು ಹೊಡೆಸಲಿಲ್ಲ. ಮೇಜಿನ ಮೇಲೆ ಸಣ್ಣ ಗುಂಡಿನ ಒಂದು .22 ರೈಫಲ್ಲನ್ನು ಅದರ ಬೋಲ್ಟ್ (ನಳಿಗೆಯ ಹಿಂಬದಿಯನ್ನು ಮುಚ್ಚುವ, ಹಿಂದೆಮುಂದೆ ಸರಿಯುವ ಭಾಗ) ತೆರೆದಿಟ್ಟು, ಬಂದೂಕು ಹಿಡಿಯುವವರೆಲ್ಲರೂ ಪಾಲಿಸಬೇಕಾದ ನಾಲ್ಕು ಮಾತುಗಳನ್ನು ಹೇಳಿದರು. ಯಾವ ಬಂದೂಕೇ ಆಗಲಿ, ಅದರೊಳಗೆ ತೋಟಾ ಇದೆಯೆಂದೇ ತಿಳಿದು ನಡೆದುಕೊಳ್ಳಬೇಕು. ಯಾವುದನ್ನು ನಾಶಮಾಡಲು ನೀವು ಸಿದ್ಧರಿಲ್ಲವೋ ಅದರತ್ತ ನಳಿಗೆಯ ಬಾಯಿ ಒಂದು ಕ್ಷಣವೂ ತಿರುಗಬಾರದು. ಗುರಿ ಕಣ್ಣಿಗೆ ಕೂಡುವವರೆಗೆ ಬೆರಳು ಟ್ರಿಗರಿನ ಹೊರಗಿರಬೇಕು. ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದು ಖಚಿತವಾಗಿ ಗೊತ್ತಿರಬೇಕು. ಅಮೆರಿಕದ ಜೆಫ್ ಕೂಪರ್ ಎಂಬ ತರಬೇತುದಾರರು ಇಪ್ಪತ್ತನೆಯ ಶತಮಾನದಲ್ಲಿ ಈ ನಾಲ್ಕನ್ನು ಈ ಬಗೆಯಲ್ಲಿ ಒಟ್ಟುಗೂಡಿಸಿ ಪ್ರಚಾರಕ್ಕೆ ತಂದರಂತೆ. ನಾನು ಬರೆದುಕೊಳ್ಳಲು ಪುಸ್ತಕ ತೆಗೆದಾಗ ನಮ್ಮ ಗುರುಗಳು, "ಪುಸ್ತಕ ಒಳಗಿಡಿ ಮೇಡಂ. ಇದು ನಿಮ್ಮ ಕೈಗೆ ಗೊತ್ತಾಗಬೇಕು, ಪುಸ್ತಕಕ್ಕಲ್ಲ" ಎಂದರು. ಸ್ವಲ್ಪ ಒರಟು ಎನಿಸಿತು.

ಒರಟಲ್ಲವೆಂದು ತಿಳಿಯಲು ಅರ್ಧ ಗಂಟೆ ಸಾಕಾಯಿತು. ತೋಟಾ ಇಲ್ಲದ ರೈಫಲ್ಲನ್ನು ಎತ್ತಿ ಹಿಡಿಯುವ, ಕೆಳಗಿಡುವ ಅಭ್ಯಾಸ ಮಾಡುತ್ತಿದ್ದೆ. ಪಕ್ಕದಲ್ಲಿದ್ದ ಹುಡುಗ ಏನನ್ನೋ ಕೇಳಿದ; ಉತ್ತರ ಹೇಳಲು ಅವನತ್ತ ತಿರುಗಿದೆ. ನಾನು ತಿರುಗಿದರೆ ರೈಫಲ್ಲೂ ತಿರುಗುತ್ತದೆ ಎಂಬುದು ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿರಲಿಲ್ಲ. ಗುರುಗಳು ಬಯ್ಯಲಿಲ್ಲ, ಕೂಗಲಿಲ್ಲ. ನಳಿಗೆಯ ಮೇಲೆ ಅಂಗೈಯಿಟ್ಟು ಅದನ್ನು ಮೆಲ್ಲಗೆ ಎದುರಿನ ಮಣ್ಣಿನ ದಿಬ್ಬದ ಕಡೆಗೆ ಒತ್ತಿದರು. ಆಮೇಲೆ ನನ್ನ ರೈಫಲ್ಲಿನ ಬಾಯಿ ಸಾಗಿಹೋದ ದಾರಿಯಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ಬೆರಳು ಮಾಡಿ ಎಣಿಸಿದರು. ಐದು ಜನ. "ಮಾತಾಡಬೇಕಾದರೆ ಮೊದಲು ಬಂದೂಕು ಕೆಳಗಿಡಿ, ಆಮೇಲೆ ತಿರುಗಿ" ಎಂದರು. ನಾಲ್ಕು ಮಾತುಗಳನ್ನು ಆಗಲೇ ಕಂಠಪಾಠ ಮಾಡಿದ್ದ ನನಗೆ ಮುಖ ಎತ್ತಲಾಗಲಿಲ್ಲ.

ಬೆರಳಿನ ವಿಷಯದಲ್ಲಿ ಅವರು ಇನ್ನೂ ಕಟ್ಟುನಿಟ್ಟು. ಟ್ರಿಗರಿನ ಸುತ್ತ ಇರುವ ಲೋಹದ ಬಳೆಯ ಹೊರಗೆ, ಬಂದೂಕಿನ ಪಕ್ಕಕ್ಕೆ ತೋರುಬೆರಳು ನೇರವಾಗಿ ಚಾಚಿಕೊಂಡಿರಬೇಕು. ಬಳೆಯ ಅಂಚಿನ ಮೇಲೂ ಇರಕೂಡದು. ಎಡವಿದಾಗ, ಬೆಚ್ಚಿಬಿದ್ದಾಗ, ಅಥವಾ ಇನ್ನೊಂದು ಕೈಯಿಂದ ಏನನ್ನಾದರೂ ಬಲವಾಗಿ ಹಿಡಿದಾಗ, ಬಂದೂಕು ಹಿಡಿದ ಕೈಯೂ ನಮ್ಮ ಅಪ್ಪಣೆಯಿಲ್ಲದೆ ಬಿಗಿಯಾಗುತ್ತದೆ ಎಂದು ವಿವರಿಸಿದರು. ಹಾಗೆಯೇ ಬಂದೂಕು ಕೈಜಾರಿದರೆ ಅದನ್ನು ಗಾಳಿಯಲ್ಲಿ ಹಿಡಿಯಲು ಹೋಗಬಾರದು, ಬೀಳಲು ಬಿಡಬೇಕು. ಆತುರದಲ್ಲಿ ಬಾಚಿಕೊಳ್ಳುವ ಬೆರಳು ಟ್ರಿಗರಿಗೇ ಸಿಕ್ಕಿಕೊಳ್ಳುವ ಅಪಾಯವೇ ಹೆಚ್ಚು. ಈ ಅಭ್ಯಾಸ ನನ್ನಲ್ಲಿ ಎಷ್ಟು ಊರಿದೆಯೆಂದರೆ, ಈಗ ಗಿಡಗಳಿಗೆ ಔಷಧಿ ಸಿಂಪಡಿಸುವ ಬಾಟಲಿಯನ್ನು ಎತ್ತಿಕೊಂಡರೂ ತೋರುಬೆರಳು ತಾನಾಗಿ ಚಾಚಿಕೊಳ್ಳುತ್ತದೆ. ಮನೆಯವರು ನಗುತ್ತಾರೆ.

ಎರಡನೆಯ ಭಾನುವಾರ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಂದು ನಾವು ಅದೇ .22 ರೈಫಲ್ಲಿನಿಂದ ಮೊದಲ ಸಲ ಗುಂಡು ಹಾರಿಸಿದೆವು. ಐದು ತೋಟಾಗಳ ಮ್ಯಾಗಜೀನ್ ಹಾಕಿ, ಬೋಲ್ಟನ್ನು ಹಿಂದೆಳೆದು ಮುಂದೂಡಿ, ಒಂದೊಂದಾಗಿ ಗುರಿಹಲಗೆಗೆ ಹೊಡೆಯಬೇಕಿತ್ತು. ನಾನು ಮೂರು ಹೊಡೆದು, ಪ್ರತಿಸಲದಂತೆ ಬೋಲ್ಟನ್ನು ಎಳೆದು ಮುಂದೂಡಿದ್ದೆ. ಅಷ್ಟರಲ್ಲಿ ಎಲ್ಲರೂ ನಿಲ್ಲಿಸಿ ಬಂದೂಕು ಖಾಲಿ ಮಾಡಬೇಕೆಂಬ ಆಜ್ಞೆ ಬಂತು. ಮ್ಯಾಗಜೀನ್ ಕಳಚಿದೆ. ಅದರೊಳಗೆ ಒಂದು ತೋಟಾ ಉಳಿದಿರುವುದು ಕಾಣಿಸಿತು. ರೈಫಲ್ಲನ್ನು ಮೇಜಿನ ಮೇಲಿಟ್ಟು, ಮ್ಯಾಗಜೀನನ್ನು ಪಕ್ಕಕ್ಕಿಟ್ಟು, "ಖಾಲಿ ಇದೆ ಸಾರ್" ಎಂದು ಗಟ್ಟಿಯಾಗಿ ಹೇಳಿದೆ.

ಅವರು ನನ್ನನ್ನೇ ನೋಡುತ್ತ, "ಐದು ಹಾಕಿದಿರಿ, ಮೂರು ಹೊಡೆದಿರಿ, ಒಂದು ಇಲ್ಲಿದೆ" ಎಂದರು. ನಾನು ಇನ್ನೂ ಲೆಕ್ಕ ಹಾಕುತ್ತಿದ್ದೆ. ನಳಿಗೆ ದಿಬ್ಬದ ಕಡೆಗೇ ಇರುವಂತೆ ನೋಡಿಕೊಂಡು ಅವರು ಬೋಲ್ಟನ್ನು ಹಿಂದಕ್ಕೆಳೆದರು. ಹಿತ್ತಾಳೆಯ ಪುಟ್ಟ ತೋಟಾವೊಂದು ಹೊರಗೆ ಚಿಮ್ಮಿ, ಮೇಜಿನ ಮೇಲೆ ಅರ್ಧ ಸುತ್ತು ಉರುಳಿ, ಮರದ ಸೀಳಿಗೆ ತಾಗಿ ನಿಂತಿತು. ಸೀಸದ ಬೂದು ಬಣ್ಣದ ತುದಿ ನನ್ನ ಕಡೆಗಿತ್ತು. ಗಾತ್ರದಲ್ಲಿ ಅದು ಕಿರುಬೆರಳಿನ ಅರ್ಧದಷ್ಟೂ ಇಲ್ಲ. ನಾನು ಸುಳ್ಳು ಹೇಳಿರಲಿಲ್ಲ. ಖಾಲಿಯೆಂದು ಮನಸ್ಸಾರೆ ನಂಬಿಯೇ ಹೇಳಿದ್ದೆ. ನನ್ನನ್ನು ಅಂದು ರಾತ್ರಿ ನಿದ್ದೆಗೆಡಿಸಿದ್ದು ಆ ನಂಬಿಕೆಯೇ.

ಆಮೇಲೆ ಅವರು ಖಾಲಿ ಮಾಡುವ ಕ್ರಮವನ್ನು ನಮ್ಮಿಂದ ಇಪ್ಪತ್ತು ಸಲವಾದರೂ ಮಾಡಿಸಿದರು. ಮ್ಯಾಗಜೀನ್ ಕೇವಲ ತೋಟಾಗಳ ಉಗ್ರಾಣ. ಗುಂಡು ಹಾರುವುದು ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂತುದಿಯ ಗೂಡಿನಲ್ಲಿ, ಇರುವ ತೋಟಾದಿಂದ. ಆದ್ದರಿಂದ ನಳಿಗೆಯನ್ನು ಸುರಕ್ಷಿತ ದಿಕ್ಕಿಗಿಟ್ಟು, ಬೆರಳನ್ನು ಹೊರಗಿಟ್ಟು, ಮೊದಲು ಮ್ಯಾಗಜೀನ್ ತೆಗೆಯಬೇಕು. ನಂತರ ಬೋಲ್ಟನ್ನು, ಪಿಸ್ತೂಲಾದರೆ ಅದರ ಮೇಲ್ಭಾಗದಲ್ಲಿ ಸರಿಯುವ ಸ್ಲೈಡನ್ನು, ಪೂರ್ತಿ ಹಿಂದಕ್ಕೆಳೆದು ಚೇಂಬರಿನಲ್ಲಿರುವುದನ್ನು ಹೊರಹಾಕಬೇಕು. ತೆರೆದಿರುವಂತೆಯೇ ಹಿಡಿದು ಒಳಗೆ ಕಣ್ಣಿಂದ ನೋಡಬೇಕು, ಬೆರಳ ತುದಿಯಿಂದ ಮುಟ್ಟಿಯೂ ನೋಡಬೇಕು. ಈ ಕ್ರಮ ಹಿಂದುಮುಂದಾದರೆ ಏನಾಗುತ್ತದೆಂಬುದನ್ನು ಪಿಸ್ತೂಲೊಂದರಲ್ಲಿ ನಕಲಿ ತೋಟಾ ಹಾಕಿ ತೋರಿಸಿದರು. ಮೊದಲು ಸ್ಲೈಡ್ ಎಳೆದರು, ಚೇಂಬರಿನ ತೋಟಾ ಹೊರಬಿತ್ತು. ಸ್ಲೈಡ್ ಮುಂದಕ್ಕೆ ಹೋಗುವಾಗ ಮ್ಯಾಗಜೀನಿನಿಂದ ಇನ್ನೊಂದನ್ನು ಒಳಗೆ ತಳ್ಳಿಕೊಂಡು ಹೋಯಿತು. ಆಮೇಲೆ ಮ್ಯಾಗಜೀನ್ ತೆಗೆದರು. ಒಂದು ತೋಟಾ ಹೊರಬಿದ್ದದ್ದನ್ನು ಎಲ್ಲರೂ ಕಣ್ಣಾರೆ ಕಂಡಿದ್ದೆವು, ಮ್ಯಾಗಜೀನೂ ಅವರ ಕೈಯಲ್ಲಿತ್ತು. ಆದರೂ ಪಿಸ್ತೂಲು ತುಂಬಿಯೇ ಇತ್ತು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಂದೂಕು ಹೋಗುವಾಗ ಕೊಡುವವರೂ ತೆರೆದು ನೋಡುತ್ತಾರೆ, ತೆಗೆದುಕೊಳ್ಳುವವರೂ ಮತ್ತೆ ನೋಡುತ್ತಾರೆ. ಅದನ್ನು ಯಾರೂ ಅವಿಶ್ವಾಸವೆಂದು ತಿಳಿಯುವುದಿಲ್ಲ.

ಸೇಫ್ಟಿ ಎಂಬ ಗುಂಡಿಯ ಬಗ್ಗೆಯೂ ನನಗಿದ್ದ ಭರವಸೆ ಅಂದೇ ಕರಗಿತು. ದೊಡ್ಡಪ್ಪನ ಕೋವಿಯಂಥ ಎಷ್ಟೋ ಜೋಡಿ ನಳಿಗೆಯ ಕೋವಿಗಳಲ್ಲಿ ಸೇಫ್ಟಿ ತಡೆಯುವುದು ಟ್ರಿಗರನ್ನು ಮಾತ್ರ, ಈಡು ಹಾರಿಸಲು ಒಳಗೆ ಬಡಿಯುವ ಹ್ಯಾಮರನ್ನಲ್ಲ. ಕೋವಿ ಬಿದ್ದು ಜೋರಾಗಿ ಪೆಟ್ಟು ತಿಂದರೆ, ಸವೆದ ಭಾಗಗಳು ಜಾರಿ, ಸೇಫ್ಟಿ ಹಾಕಿದ್ದರೂ ಈಡು ಹಾರಬಹುದು. ಹಾಗಾಗಿ ಬೇಲಿ ದಾಟುವಾಗ, ಜಾರುವ ನೆಲದಲ್ಲಿ ನಡೆಯುವಾಗ ಸೇಫ್ಟಿಯನ್ನು ನಂಬಿಕೊಳ್ಳದೆ ಕೋವಿಯನ್ನು ಮಡಚಿ ತೆರೆದು ತೋಟಾಗಳನ್ನೇ ಹೊರತೆಗೆಯಬೇಕು.

ಮೂರನೆಯ ವಾರ ನನ್ನ ಸರದಿಯಲ್ಲಿ ಟ್ರಿಗರ್ ಒತ್ತಿದರೆ 'ಟಕ್' ಎಂದಿತು, ಅಷ್ಟೇ. ನಮ್ಮ ಸ್ವಭಾವ ಎಂಥದ್ದೆಂದರೆ, ಕೆಲಸ ಮಾಡದ ವಸ್ತುವನ್ನು ತಿರುಗಿಸಿ ಮುಖದ ಹತ್ತಿರ ಹಿಡಿದು ನೋಡಬೇಕೆನಿಸುತ್ತದೆ. ನನ್ನ ಕೈ ಆಗಲೇ ಅತ್ತ ಹೊರಟಿತ್ತು. ಹಿಂದಿನಿಂದ, "ನಳಿಗೆ ಎದುರಿಗೇ ಇರಲಿ. ಎಣಿಸಿ" ಎಂಬ ದನಿ ಬಂತು. ಕೇಪು, ಅಂದರೆ ಪಿನ್ ಬಡಿದಾಗ ಮೊದಲು ಸಿಡಿಯುವ ಮಸಾಲೆ, ಹೊತ್ತಿಕೊಂಡು ಮದ್ದಿಗೆ ಬೆಂಕಿ ತಡವಾಗಿ ತಲುಪುವುದು ಅಪರೂಪಕ್ಕಾದರೂ ಉಂಟು. ಆಗ ಕೆಲವು ಕ್ಷಣಗಳ ಬಳಿಕ ತೋಟಾ ತಾನಾಗಿ ಸಿಡಿಯುತ್ತದೆ. ಅದಕ್ಕಾಗಿ ಕನಿಷ್ಠ 30 ಸೆಕೆಂಡು ನಳಿಗೆಯನ್ನು ಗುರಿಯತ್ತಲೇ ಹಿಡಿದು ಕಾಯಬೇಕು. ಮೂವತ್ತರವರೆಗೆ ಎಣಿಸುವುದು ಇಷ್ಟು ದೀರ್ಘವೆಂದು ನನಗೆ ತಿಳಿದಿರಲಿಲ್ಲ. ಹೊರತೆಗೆದ ತೋಟಾದ ಅಂಚಿನಲ್ಲಿ ಪಿನ್ ಬಡಿದ ಗುರುತು ಸ್ಪಷ್ಟವಾಗಿತ್ತು. .22 ತೋಟಾದಲ್ಲಿ ಸಿಡಿಯುವ ಮಸಾಲೆ ನಡುವಿನಲ್ಲಿರದೆ ತಳದ ಅಂಚಿನ ಸುತ್ತ ಹರಡಿರುತ್ತದೆ. ಪಿನ್ ಬಡಿದ ಜಾಗದಲ್ಲಿ ಅದು ಸರಿಯಾಗಿ ಕೂರದಿದ್ದರೆ ಹೀಗೆ ಮಿಸ್‌ಫೈರ್ ಆಗುತ್ತದೆ.

ಇದಕ್ಕಿಂತ ಕೆಟ್ಟದ್ದು ಶಬ್ದ ಬಂದೂ ಬಾರದಂತಾಗುವುದು ಎಂದು ಅವರು ಹೇಳಿದರು. 'ಢಂ' ಎನ್ನಬೇಕಾದ ಕಡೆ 'ಟುಸ್' ಎಂದರೆ, ಭುಜಕ್ಕೆ ಒದೆತ ಎಂದಿನಂತೆ ಬಾರದಿದ್ದರೆ, ಅಲ್ಲಿಗೇ ನಿಲ್ಲಿಸಬೇಕು. ಮದ್ದಿನ ಬಲ ಸಾಲದೆ ಗುಂಡು ನಳಿಗೆಯ ಮಧ್ಯದಲ್ಲೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಮತ್ತೊಂದನ್ನು ಹೊಡೆದರೆ ನಳಿಗೆ ಹೊಡೆಯುವವನ ಕೈಯಲ್ಲೇ ಒಡೆಯಬಹುದು.

ಕಿವಿಯ ಮಾತನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳದಿರುವುದು ನನಗೆ ಆಶ್ಚರ್ಯ. ಹೆಚ್ಚುಕಡಿಮೆ ಎಲ್ಲ ಬಂದೂಕುಗಳ ಸದ್ದೂ 140 ಡೆಸಿಬಲ್ ದಾಟುತ್ತದೆ. ಅಷ್ಟು ಸದ್ದಿಗೆ ಕಿವಿಗೆ ಆಗುವ ಹಾನಿ ಒಂದೇ ಈಡಿನಲ್ಲಿ ಶಾಶ್ವತವಾಗಬಹುದು. ದೊಡ್ಡಪ್ಪ ಬಲಗಿವಿಗಿಂತ ಎಡಗಿವಿಯಲ್ಲಿ ಕಡಿಮೆ ಕೇಳಿಸಿಕೊಳ್ಳುತ್ತಿದ್ದರು. ಬಲಭುಜಕ್ಕೆ ಕೋವಿ ಒತ್ತಿ ಹೊಡೆಯುವವರಿಗೆ ಎಡಗಿವಿಯೇ ನಳಿಗೆಯ ಬಾಯಿಗೆ ಹತ್ತಿರವಿರುತ್ತದೆ, ಬಲಗಿವಿ ತಲೆಯ ನೆರಳಿನಲ್ಲಿರುತ್ತದೆ ಎಂದು ಗುರುಗಳು ಹೇಳಿದಾಗ, ಮಾತಾಡುವಾಗ ನಾವೆಲ್ಲ ಅವರ ಬಲಕ್ಕೆ ಹೋಗಿ ಕೂರುತ್ತಿದ್ದುದು ನೆನಪಾಯಿತು. ನಾನು ಕಿವಿಯೊಳಗೆ ಮೆತ್ತನೆಯ ಬಿರಡೆ, ಅದರ ಮೇಲೆ ಕಿವಿ ಮುಚ್ಚುವ ಮಫ್ ಎರಡನ್ನೂ ಹಾಕಿಕೊಳ್ಳುತ್ತೇನೆ. ಎರಡೂ ಹಾಕಿದರೆ ರಕ್ಷಣೆ ಇಮ್ಮಡಿಯಾಗುವುದಿಲ್ಲ. ಒಂದಕ್ಕಿಂತ ಸುಮಾರು 5 ಡೆಸಿಬಲ್ ಹೆಚ್ಚು ಸಿಗುತ್ತದೆ, ಅಷ್ಟೇ. ಆದರೂ ಅದು ಬೇಕು. ಕಣ್ಣಿಗೆ ಗಟ್ಟಿ ಕನ್ನಡಕ, ಕೊರಳು ಮುಚ್ಚುವ ಅಂಗಿ. ಬಿಸಿ ಖಾಲಿ ತೋಟಾ ಕೊರಳೊಳಗೆ ಬಿದ್ದರೆ ಮನುಷ್ಯ ಬಂದೂಕು ಹಿಡಿದುಕೊಂಡೇ ಕುಣಿಯುತ್ತಾನೆ. ಮುಗಿಸಿದ ಮೇಲೆ ಏನನ್ನೂ ತಿನ್ನುವ ಮೊದಲು ಕೈ, ಮುಖಗಳನ್ನು ಸೋಪಿನಿಂದ ತೊಳೆಯಬೇಕು, ಏಕೆಂದರೆ ಸೀಸದ ಸಣ್ಣ ಧೂಳು ಕೈಗೆ ಅಂಟಿರುತ್ತದೆ.

ಗುರಿಯ ಹಿಂದಿನದರ ಬಗ್ಗೆ ಒಂದು ಸಂಖ್ಯೆ ಸಾಕು. ಆಟಿಕೆಯಂತೆ ಕಾಣುವ ಆ .22 ಗುಂಡು ಅಡ್ಡಿಯಿಲ್ಲದೆ ಹೋದರೆ ಸುಮಾರು 2.4 ಕಿಲೋಮೀಟರ್ ದೂರ ಹಾರಬಲ್ಲದು. ಕೋವಿಯ ತೋಟಾದೊಳಗಿನ ಸಣ್ಣ ಕಾಳುಗಳಾದ ಚರೆ ಇನ್ನೂರು ಚಿಲ್ಲರೆ ಮೀಟರಿಗೆ ನೆಲ ಸೇರುತ್ತದೆ. ಕಲ್ಲಿಗೆ, ನೀರಿಗೆ ತಾಗಿದರೆ ಎರಡೂ ದಿಕ್ಕು ಬದಲಿಸಿ ಹಾರುತ್ತವೆ. ರೇಂಜಿನ ಮಣ್ಣಿನ ದಿಬ್ಬದ ಬೆಲೆ ನನಗೆ ಗೊತ್ತಾದದ್ದು ಆಗ.

ನಾಲ್ಕನೆಯ ವಾರ ದೊಡ್ಡಪ್ಪನ ಕೋವಿಯನ್ನು ಬೀರುವಿನಿಂದ ತೆಗೆದು, ಚೀಲದಲ್ಲೇ ಇಟ್ಟು, ಪರವಾನಗಿಯೊಂದಿಗೆ ಕೊಂಡೊಯ್ದೆ. ಹೊಡೆಯುವ ಮೊದಲು ಬಂದೂಕು ರಿಪೇರಿ ಬಲ್ಲವರೊಬ್ಬರು ಅದನ್ನು ಪರೀಕ್ಷಿಸಬೇಕೆಂದು ಗುರುಗಳು ಪಟ್ಟು ಹಿಡಿದಿದ್ದರು. ಆ ಹಿರಿಯರು ಕೋವಿಯನ್ನು ಮಡಚಿ, ನಳಿಗೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಚೇಂಬರಿನೊಳಗೆ ಅಳತೆಗೋಲು ಬಿಟ್ಟರು. 65 ಮಿಲಿಮೀಟರ್. ದೊಡ್ಡಪ್ಪನ ತೋಟಾ ಪೆಟ್ಟಿಗೆಯಲ್ಲಿ ಎರಡು ಬಗೆಯವಿದ್ದವು. ಕೆಲವುಗಳ ಮೇಲೆ 65 ಎಂದೂ, ಉಳಿದವುಗಳ ಮೇಲೆ 70 ಎಂದೂ ಅಚ್ಚಾಗಿತ್ತು. 70ರ ತೋಟಾವನ್ನು ಆ ಕೋವಿಗೆ ಹಾಕಿದರೆ ಸಲೀಸಾಗಿ ಕೂರುತ್ತದೆ, ಕೋವಿ ಮುಚ್ಚಿಯೂ ಕೊಳ್ಳುತ್ತದೆ. ಮೋಸ ಇರುವುದೇ ಅಲ್ಲಿ. ತೋಟಾದ ಮೇಲೆ ಬರೆದಿರುವುದು ಹೊಡೆದಾದ ಮೇಲೆ ಬಾಯಿ ಬಿಚ್ಚಿಕೊಂಡಾಗಿನ ಉದ್ದ. ಮಡಿಸಿ ಮುಚ್ಚಿದ ಬಾಯಿಯಿಂದಾಗಿ ಹೊಸ ತೋಟಾ ಅದಕ್ಕಿಂತ ಗಿಡ್ಡವಿರುತ್ತದೆ. ಹೊಡೆದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ, ನಳಿಗೆ ಕಿರಿದಾಗುವ ಕಡೆ ಇಕ್ಕಟ್ಟಾಗಿ, ಒಳಗಿನ ಒತ್ತಡ ಏರುತ್ತದೆ. ಹಳೆಯ ಕೋವಿ ಅದನ್ನು ತಡೆದೀತೆಂಬ ಖಾತ್ರಿ ಇಲ್ಲ.

ಗುರುಗಳು ಅಲ್ಲಿಯೇ ಇನ್ನೊಂದನ್ನು ತೋರಿಸಿದರು. 12ಕ್ಕಿಂತ ತೆಳ್ಳಗಿರುವ 20 ಬೋರಿನ, ಹಳದಿ ಬಣ್ಣದ ನಕಲಿ ತೋಟಾವೊಂದನ್ನು ನನ್ನ 12 ಬೋರ್ ನಳಿಗೆಗೆ ಹಾಕಿದರು. ಅದು ಚೇಂಬರಿನಲ್ಲಿ ನಿಲ್ಲದೆ ಮುಂದಕ್ಕೆ ಜಾರಿ, ನಳಿಗೆ ಕಿರಿದಾಗುವಲ್ಲಿ ಸಿಕ್ಕಿಕೊಂಡಿತು. "ಈಗ ನೋಡಿ" ಎಂದರು. ಮೇಲಿನಿಂದ ಕಣ್ಣು ಹಾಯಿಸಿದೆ. ಚೇಂಬರ್ ಖಾಲಿಯಾಗಿಯೇ ಕಂಡಿತು. ಅದರ ಹಿಂದೆ 12 ಬೋರಿನ ನಕಲಿ ತೋಟಾ ಸುಖವಾಗಿ ಕುಳಿತಿತು, ಕೋವಿ ಮುಚ್ಚಿತು. ನಿಜವಾದ ತೋಟಾಗಳಾಗಿದ್ದರೆ ಎಡಗೈ ಹಿಡಿಯುವ ಜಾಗದಲ್ಲೇ ನಳಿಗೆ ಸ್ಫೋಟಿಸುತ್ತಿತ್ತು. 20 ಬೋರಿನ ತೋಟಾಕ್ಕೆ ಹಳದಿ ಬಣ್ಣವನ್ನು ಮೀಸಲಿಟ್ಟಿರುವುದು ಇದೇ ಕಾರಣಕ್ಕೆ. ಅಂದಿನಿಂದ ನಾನು ಕೋವಿಯನ್ನು ಮಡಚಿದಾಗಲೆಲ್ಲ ಚೇಂಬರನ್ನು ನೋಡಿ ಸುಮ್ಮನಾಗುವುದಿಲ್ಲ. ಎರಡೂ ನಳಿಗೆಗಳ ಆ ತುದಿಯಲ್ಲಿ ಬೆಳಕಿನ ಎರಡು ದುಂಡು ಬಿಲ್ಲೆಗಳು ಪೂರ್ತಿಯಾಗಿ ಕಾಣುವವರೆಗೆ ನೋಡುತ್ತೇನೆ.

ದೊಡ್ಡಪ್ಪನ ತೋಟಾ ಪೆಟ್ಟಿಗೆಯನ್ನು ನೆನಪಿಗೆಂದು ಇಟ್ಟುಕೊಳ್ಳುವ ಆಸೆಯಿತ್ತು. ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿತ್ತು, ಕೆಲವು ಉಬ್ಬಿದ್ದವು, ಎಷ್ಟು ಹಳೆಯವೋ ತಿಳಿಯದು. ವಿಲೇವಾರಿಗೆ ಅಧಿಕಾರವಿರುವವರಿಗೆ ಎಲ್ಲವನ್ನೂ ಒಪ್ಪಿಸಿ ರಸೀದಿ ಪಡೆದೆ.

ಮನೆಯಲ್ಲಿ ಇಡುವ ವಿಷಯ ತರಬೇತಿಯಲ್ಲಿ ಒಂದು ಗಂಟೆಯಲ್ಲಿ ಮುಗಿಯಿತು. ನನಗೆ ಅತಿ ಹೆಚ್ಚು ಕಾಲ ಹಿಡಿದದ್ದು ಅದೇ. ಕೋವಿ ಖಾಲಿಯಾಗಿ, ಬೀಗದೊಳಗೆ. ತೋಟಾಗಳು ಬೇರೆ ಪೆಟ್ಟಿಗೆಯಲ್ಲಿ, ಬೇರೆ ಬೀಗದೊಳಗೆ. ಹೇಳಲು ಇಷ್ಟೇ. ನಾನು ಉಕ್ಕಿನ ಕಪಾಟು ತಂದು ಗೋಡೆಗೆ ಬೋಲ್ಟ್ ಹಾಕಿಸಿ, ಕೀಲಿಯನ್ನು ಗೋಡೆ ಗಡಿಯಾರದ ಹಿಂದೆ ಇಟ್ಟೆ. ಮಾಡಬೇಕಾದದ್ದನ್ನೆಲ್ಲ ಮಾಡಿದೆನೆಂಬ ಸಮಾಧಾನದಲ್ಲಿದ್ದಾಗ ರಜೆಗೆ ಬಂದ ತಮ್ಮನ ಮಗ, ಎಂಟು ವರ್ಷದವನು, ಮೂರನೆಯ ದಿನ ಆಟವಾಡುತ್ತ, "ಅತ್ತೆ, ಆ ದೊಡ್ಡ ಕಪಾಟಿನ ಕೀಲಿ ಗಡಿಯಾರದ ಹಿಂದೆ ಯಾಕಿದೆ?" ಎಂದು ಕೇಳಿದ. ಕುರ್ಚಿ ಹತ್ತಿದ್ದನೋ, ನಾನು ಇಡುವಾಗ ನೋಡಿದ್ದನೋ, ಕೇಳಲಿಲ್ಲ. ಅಂದು ಸಂಜೆಯೇ ಬೀಗವನ್ನು ಅಂಕಿಗಳದ್ದಕ್ಕೆ ಬದಲಿಸಿದೆ. ಅಂಕಿಗಳು ಯಾರ ಹುಟ್ಟುಹಬ್ಬವೂ ಅಲ್ಲ, ಎಲ್ಲಿಯೂ ಬರೆದಿಟ್ಟಿಲ್ಲ. ಜೊತೆಗೆ ಕೋವಿಯನ್ನು ಮಡಚಿ, ನಳಿಗೆಯೊಳಗಿಂದ ಉಕ್ಕಿನ ಕೇಬಲ್ ಹಾಯಿಸಿ ಬೀಗ ಹಾಕುತ್ತೇನೆ. ಕೇಬಲ್ ಇರುವವರೆಗೆ ಅದು ಮುಚ್ಚಿಕೊಳ್ಳುವುದೇ ಇಲ್ಲ. ಕೋವಿಯನ್ನು ಸ್ವಚ್ಛಗೊಳಿಸುವಾಗಲೂ ತೋಟಾ ಪೆಟ್ಟಿಗೆ ಆ ಕೋಣೆಯಲ್ಲಿರುವುದಿಲ್ಲ.

ಇನ್ನೊಂದನ್ನು ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಕಳೆದ ವರ್ಷ ಮನೆಯಲ್ಲಿ ಒಬ್ಬರು ಕೆಲವು ತಿಂಗಳು ತೀವ್ರ ಖಿನ್ನತೆಯಲ್ಲಿದ್ದರು. ಬೀಗಗಳನ್ನು ಕಳ್ಳರಿಗೂ ಮಕ್ಕಳಿಗೂ ಎಂದು ಹಾಕಿದ್ದೆ. ಮನೆಯ ದೊಡ್ಡವರಿಂದಲೇ ಕೋವಿಯನ್ನು ದೂರವಿಡಬೇಕಾದ ದಿನ ಬರಬಹುದೆಂದು ಎಣಿಸಿರಲಿಲ್ಲ. ಅಂಥ ಹೊತ್ತಿನಲ್ಲಿ ಮನಸ್ಸಿನ ಕತ್ತಲು ಎಷ್ಟೋ ಸಲ ಕೆಲವೇ ನಿಮಿಷಗಳಲ್ಲಿ ಬಂದು ಹೋಗುವಂಥದ್ದು, ಆ ನಿಮಿಷಗಳಲ್ಲಿ ಕೈಗೆ ಬಂದೂಕು ಸಿಗಬಾರದು ಎಂದು ವೈದ್ಯರು ಹೇಳಿದರು. ಮರುದಿನವೇ ಕಾನೂನಿನ ಪ್ರಕಾರ ಬಂದೂಕುಗಳನ್ನು ಠೇವಣಿಯಾಗಿ ಇಟ್ಟುಕೊಳ್ಳುವ ಕಡೆ ಕೋವಿಯನ್ನು ಒಪ್ಪಿಸಿದೆ. ಅವರು ಪೂರ್ತಿ ಚೇತರಿಸಿಕೊಂಡ ಮೇಲೆ, ಅವರೇ ಹೇಳಿದ ಮೇಲೆ, ಮರಳಿ ತಂದೆ.

ತಮ್ಮನ ಮಗನಿಗೆ ಆ ಕಪಾಟಿನ ಕುತೂಹಲ ಹೋಗಿರಲಿಲ್ಲ. ಮುಂದಿನ ರಜೆಯಲ್ಲಿ ತಮ್ಮನ ಒಪ್ಪಿಗೆ ಪಡೆದು, ಅವನೆದುರಿಗೇ ಕೋವಿಯನ್ನು ತೆಗೆದು, ಕೇಬಲ್ ಬಿಚ್ಚಿ, ಮಡಚಿದ ಹಾಗೆಯೇ ಹಿಡಿದು ತೋರಿಸಿದೆ. ನಾನಿಲ್ಲದ ಕಡೆ ಎಲ್ಲಾದರೂ ಬಂದೂಕು ಕಂಡರೆ ಮುಟ್ಟದೆ, ಅಲ್ಲಿಂದ ದೂರ ಹೋಗಿ ದೊಡ್ಡವರನ್ನು ಕರೆಯಬೇಕೆಂದು ಹೇಳಿ, ಅದನ್ನೇ ಅವನ ಬಾಯಿಂದ ಹೇಳಿಸಿದೆ. ನಳಿಗೆಗಳಲ್ಲಿ ಬೆಳಕಿನ ಬಿಲ್ಲೆಗಳು ಕಾಣುತ್ತವೆಯೇ ಎಂದು ಕೇಳಿದೆ. ಅವನು ಒಂದು ಕಣ್ಣು ಮುಚ್ಚಿ ನೋಡಿ, "ಎರಡು ಚಂದ್ರ ಇದೆ" ಎಂದ. ಇನ್ನು ನೋಡಬೇಕೆನಿಸಿದರೆ ಕೇಳು, ಯಾವಾಗ ಬೇಕಾದರೂ ತೋರಿಸುತ್ತೇನೆ ಎಂದೆ. ಹತ್ತು ನಿಮಿಷಕ್ಕೆ ಅವನಿಗೆ ಬೇಸರ ಬಂದು ಸೈಕಲ್ ತೆಗೆದುಕೊಂಡು ಹೊರಗೆ ಹೋದ. ಮತ್ತೆ ಕೇಳಿಲ್ಲ.